ಬ್ಲೈಂಡ್ ಹಾಕಿದರೆ ಸಾಲದು, ಅದರ ದಪ್ಪವನ್ನೂ ಅಳೆಯಿರಿ

ಮಂಡ್ಯ ಸೀಮೆಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದು ಕಾರ್ಖಾನೆಗಳಲ್ಲಿ ರಿಪೇರಿ ಶುರುವಾಯಿತೆಂದರೆ ಫಿಟ್ಟರುಗಳ ನಡುವೆ ಓಡಾಡುವ ಮಾತು ‘ಬ್ಲೈಂಡ್ ಹಾಕಿದ್ರಾ?’ ಎಂಬುದು. ಪೈಪುಗಳನ್ನು ಬೋಲ್ಟು ಹಾಕಿ ಜೋಡಿಸುವ ತುದಿಯ ಬಳೆಗಳು, ಅಂದರೆ ಎರಡು ಫ್ಲೇಂಜ್‌ಗಳ ನಡುವೆ ತೂರಿಸಿ ಪೈಪಿನ ದಾರಿ ಕಟ್ಟುವ ಉಕ್ಕಿನ ದುಂಡು ತಟ್ಟೆ ಅದು. ಇಲ್ಲಿನ ಹುಡುಗರು ಡಿಪ್ಲೊಮಾ, ಬಿ.ಇ. ಮುಗಿಸಿ ಕಡಲ ಮೇಲಿನ ತೈಲ ಕೆಲಸಕ್ಕೆ ಹೋದರೆ ಅಲ್ಲೂ ಇದೇ ತಟ್ಟೆ ಎದುರಾಗುತ್ತದೆ. ವ್ಯತ್ಯಾಸವಿಷ್ಟೇ: ಅಲ್ಲಿ ಓಡಿ ಹೋಗಲು ಗೇಟಿಲ್ಲ.

ಎಫ್‌ಪಿಎಸ್‌ಒ ಎನ್ನುವ ತೇಲುಹಡಗು ಬಾವಿಯಿಂದ ಬಂದ ಎಣ್ಣೆ, ಅನಿಲ, ನೀರನ್ನು ಡೆಕ್ ಮೇಲೆ ಬೇರ್ಪಡಿಸಿ, ಎಣ್ಣೆಯನ್ನು ತನ್ನ ಹೊಟ್ಟೆಯ ಟ್ಯಾಂಕುಗಳಲ್ಲೇ ಶೇಖರಿಸುತ್ತದೆ. ಕಾಕಿನಾಡದಾಚೆ ಕೃಷ್ಣಾ-ಗೋದಾವರಿ ಆಳಕಡಲಲ್ಲಿ ಒಎನ್‌ಜಿಸಿ 2024ರ ಜನವರಿಯಲ್ಲಿ ತೈಲ ತೆಗೆಯಲು ತೊಡಗಿದ್ದು ಇಂಥದ್ದೇ ಹಡಗಿನಿಂದ. ಸಾಮಾನ್ಯ ಟ್ಯಾಂಕರುಗಳು ಕೆಲವು ವರ್ಷಕ್ಕೊಮ್ಮೆ, ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಡ್ರೈಡಾಕ್ ಸೇರುತ್ತವೆ. ಇದು ಹದಿನೈದಿಪ್ಪತ್ತು ವರ್ಷ ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ತಳದ ತಗಡಿನಲ್ಲಿ ಬಿದ್ದ ತುಕ್ಕಿನ ಗುಳಿ, ಬ್ರ್ಯಾಕೆಟ್ ಬೆಸುಗೆಯಲ್ಲಿನ ಬಿರುಕು ನೋಡಬೇಕಾದರೆ, ಪಕ್ಕದ ಟ್ಯಾಂಕಿಗೆ ಎಣ್ಣೆ ತುಂಬುತ್ತಿರುವಾಗಲೇ ಈ ಟ್ಯಾಂಕಿನೊಳಗೆ ಮನುಷ್ಯ ಇಳಿಯಬೇಕು.

ನಮ್ಮ ಹಳೆಯ ರೈತರು ರಾಗಿಯ ಹಗೇವಿಗೆ ಇಳಿಯುವ ಮುಂಚೆ ಬಾಯಿ ತೆರೆದು ಆರಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ. ಲೆಕ್ಕಾಚಾರ ಸರಿಯೇ, ಆದರೆ ಎಣ್ಣೆಯ ಟ್ಯಾಂಕಿಗೆ ದೀಪ ಇಳಿಬಿಡುವಂತಿಲ್ಲವಲ್ಲ. ಅಲ್ಲಿ ಕೆಲಸ ಮಾಡುವುದು ಮೀಟರ್, ಅದಕ್ಕೂ ಒಂದು ಕುರುಡಿದೆ. ಗಾಳಿಯಲ್ಲಿ ಆವಿ ಹತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣವೇ ಎಲ್‌ಇಎಲ್. ಸಾಮಾನ್ಯ ಎಲ್‌ಇಎಲ್ ಮೀಟರಿನೊಳಗೆ ಬಿಸಿ ಮಣಿಯ ಮೇಲೆ ಆವಿ ಉರಿದರೆ ಮಾತ್ರ ಅಂಕಿ ಏಳುವುದು. ಆಮ್ಲಜನಕ ಸಾಲದಿದ್ದರೆ ಆವಿ ಉರಿಯದು, ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ. ಬೆಂಕಿ ಹತ್ತದಿರಲೆಂದು ಈ ಟ್ಯಾಂಕುಗಳಿಗೆ ಇನರ್ಟ್ ಗ್ಯಾಸ್ (ಆಮ್ಲಜನಕ ತೀರಾ ಕಡಿಮೆಯಿರುವ, ಉರಿಯಲು ಬಿಡದ ಅನಿಲ) ತುಂಬಿ ಆಮ್ಲಜನಕವನ್ನು ಶೇ 8ರೊಳಗೆ ಇಟ್ಟಿರುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ. ಅದಕ್ಕೇ ಮೊದಲು ಆಮ್ಲಜನಕ, ಆಮೇಲೆ ಉರಿಯುವ ಆವಿ, ಆಮೇಲೆ ವಿಷಾನಿಲ.

ತೊಳೆದ ಟ್ಯಾಂಕಿಗೆ ನೇರವಾಗಿ ಗಾಳಿ ಊದಬಾರದು. ಮೊದಲು ಇನರ್ಟ್ ಗ್ಯಾಸಿನಿಂದಲೇ ಆವಿಯನ್ನು ಗಾತ್ರದಲ್ಲಿ ಶೇ 2ಕ್ಕಿಂತ ಕೆಳಗಿಳಿಸಬೇಕು. ಇಲ್ಲದಿದ್ದರೆ ಗಾಳಿ ಬೆರೆಯುವ ದಾರಿಯಲ್ಲಿ ಮಿಶ್ರಣ ಸ್ಫೋಟದ ವಲಯ ಹಾದೇ ಹೋಗುತ್ತದೆ. ಮನುಷ್ಯ ಇಳಿಯಬೇಕಾದರೆ ಆಮ್ಲಜನಕ ಶೇ 20.9ರ ಆಸುಪಾಸು, ಆವಿ ಎಲ್‌ಇಎಲ್‌ನ ಶೇ 1ಕ್ಕಿಂತ ಕಡಿಮೆ ಇರಬೇಕು. ಅದೂ ಮ್ಯಾನ್‌ಹೋಲ್ ಬಾಯಲ್ಲಿ ಒಂದೇ ಕಡೆಯಲ್ಲ. ಮೇಲೆ, ನಡುವೆ, ತಳದಲ್ಲಿ.

ಇಷ್ಟೆಲ್ಲ ಮಾಡಿದರೂ ಪೈಪಿನಿಂದ ಹೊಸದಾಗಿ ಏನೂ ಒಳನುಗ್ಗದಿದ್ದರೆ ಮಾತ್ರ ಆ ಅಂಕಿಗಳಿಗೆ ಬೆಲೆ. ಮುಚ್ಚಿದ ವಾಲ್ವನ್ನು ನಂಬಿ ಟ್ಯಾಂಕಿಗೆ ಇಳಿಯುವಂತಿಲ್ಲ. ಸೀಟಿನಲ್ಲಿ ಮಡ್ಡಿಯ ಒಂದು ಹರಳು ಸಿಕ್ಕಿಕೊಂಡಿದ್ದರೂ ಅದು ಸೋರುತ್ತದೆ. ಪೈಪನ್ನು ಬಿಚ್ಚಿ ಬೇರ್ಪಡಿಸಬೇಕು, ಇಲ್ಲವೇ ಬ್ಲೈಂಡ್ ಹಾಕಬೇಕು. ಎಣ್ಣೆಯ ಲೈನು, ತೊಳೆಯುವ ಲೈನು ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಎಲ್ಲ ಟ್ಯಾಂಕುಗಳಿಗೂ ಕೂಡಿಕೊಂಡಿರುವ ಇನರ್ಟ್ ಗ್ಯಾಸ್ ಲೈನನ್ನು. ಎಣ್ಣೆ ಬಂದರೆ ಕಣ್ಣಿಗೆ ಕಾಣುತ್ತದೆ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದದ್ದು ಯಾರಿಗೂ ತಿಳಿಯುವುದಿಲ್ಲ.

ಇನ್ನು ದಪ್ಪದ ಮಾತು. ಗುಜರಿಯಲ್ಲಿ ಸಿಕ್ಕ 3 ಮಿ.ಮೀ. ತಗಡು ಕತ್ತರಿಸಿ ಬ್ಲೈಂಡ್ ಎನ್ನುವವರಿಗಾಗಿ ಒಂದು ಲೆಕ್ಕ. ಎಂಟು ಇಂಚಿನ ಲೈನು, ಸಂದಿ ಸೋರದಂತೆ ಕೂರಿಸುವ ಬಿಲ್ಲೆ, ಅಂದರೆ ಗ್ಯಾಸ್ಕೆಟ್‌ನ ಒಳವ್ಯಾಸ 219 ಮಿ.ಮೀ., ಒತ್ತಡ 10 ಬಾರ್ ಎಂದಿಟ್ಟುಕೊಳ್ಳಿ. ಕೆಆರ್‌ಎಸ್ ತುಂಬಿ 124.80 ಅಡಿ ನಿಂತಾಗ ಅಷ್ಟು ಆಳದ ನೀರಿನ ಒತ್ತಡ ಸುಮಾರು 3.7 ಬಾರ್, ನಮ್ಮ 10 ಬಾರ್ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ತಟ್ಟೆಯನ್ನು ಹಿಂದಿನಿಂದ ದೂಡುವ ಬಲ ಸುಮಾರು 3.8 ಟನ್ ಭಾರಕ್ಕೆ ಸಮ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಪೈಪ್ ಸಂಹಿತೆ ಎಎಸ್‌ಎಂಇ ಬಿ 31.3ರ ಸೂತ್ರ ಹೀಗೆ: ಒತ್ತಡದ 3 ಪಟ್ಟನ್ನು, ಉಕ್ಕಿಗೆ ಒಪ್ಪಿಗೆಯಿರುವ ಸ್ಟ್ರೆಸ್‌ನ (ಅದು ತಾಳಬಹುದಾದ ಒಳಬಿಗಿತದ) 16 ಪಟ್ಟಿನಿಂದ ಭಾಗಿಸಿ, ವರ್ಗಮೂಲ ತೆಗೆದು, ಒಳವ್ಯಾಸದಿಂದ ಗುಣಿಸಿ. ಸ್ಟ್ರೆಸ್ 138 ಮೆಗಾಪ್ಯಾಸ್ಕಲ್ ಹಿಡಿದರೆ ಬರುವ ಉತ್ತರ 8.1 ಮಿ.ಮೀ.; ತುಕ್ಕಿನ ಬಾಬ್ತು ಬೇರೆ ಸೇರಿಸಬೇಕು. ಅದೇ 3 ಮಿ.ಮೀ. ತಗಡಿಗೆ ತಿರುಗಾ ಲೆಕ್ಕ ಹಾಕಿದರೆ 1.4 ಬಾರ್‌ಗೆ ಮುಗಿಯಿತು. ಅದರಾಚೆ ತಟ್ಟೆ ಹೊಟ್ಟೆ ಉಬ್ಬುತ್ತದೆ, ಗ್ಯಾಸ್ಕೆಟ್ ಸಡಿಲವಾಗುತ್ತದೆ, ಫ್ಲೇಂಜ್ ಸಂದಿಯಿಂದ ಚಿಮ್ಮುತ್ತದೆ.

2015ರ ಫೆಬ್ರವರಿ 11ರಂದು ಬ್ರೆಜಿಲ್ ಕಡಲಿನ ಸಿದಾಜಿ ಜಿ ಸಾವೊ ಮತೇವುಸ್ ಹಡಗಿನ ಪಂಪ್‌ರೂಮಿನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಮುಂದಿನ ದಾರಿ ಮುಚ್ಚಿದ್ದಾಗ ಪಂಪ್ ಓಡಿತು, ಆ ಒತ್ತಡಕ್ಕೆ ತಕ್ಕದ್ದಲ್ಲದ ಬ್ಲೈಂಡ್ ಇದ್ದ ಕಡೆ ಕಂಡೆನ್ಸೇಟ್ (ಅನಿಲ ತಣಿದು ಆಗುವ ತೆಳು ಎಣ್ಣೆ) ಸೋರಿತು. ಗ್ಯಾಸ್ ಅಲಾರಂ ಹೊಡೆಯಿತು. ಆವಿ ತುಂಬಿದ್ದ ಆ ಕೋಣೆಗೇ ನೋಡಲು, ಒರೆಸಲು ಒಂದಾದ ಮೇಲೊಂದು ತಂಡವನ್ನು ಕಳಿಸಿದರು. ಸ್ಫೋಟದಲ್ಲಿ 9 ಮಂದಿ ಸತ್ತರು, 26 ಮಂದಿ ಗಾಯಗೊಂಡರು. ಸೋರಿಕೆಗಿಂತ, ಅಲಾರಂ ಆದ ಮೇಲೆ ಒಳಗೆ ಹೋದದ್ದೇ ಸಾವಿನ ಲೆಕ್ಕ ಏರಿಸಿತು ಎನ್ನಬೇಕು.

ಬ್ಲೈಂಡ್ ಹಾಕುವಾಗ ಲೈನಿನ ಒತ್ತಡ ಇಳಿಸಿ, ತಗ್ಗಿನ ಡ್ರೈನ್ ತೆರೆದು ಖಾಲಿ ಮಾಡಿ. ಬೋಲ್ಟ್ ಸಡಿಲಿಸುವುದು ನಿಮ್ಮಿಂದ ದೂರದ ಬದಿಯಿಂದ. ಉಳಿದದ್ದೇನಾದರೂ ಚಿಮ್ಮಿದರೆ ಮುಖಕ್ಕೆ ಬಡಿಯದು. ನಟ್ಟುಗಳನ್ನು ಪೂರ್ತಿ ಕಳಚದೆ ಸಂದಿ ಬಿಡಿಸಿ ನೋಡಿ. ತಟ್ಟೆಯ ಎರಡೂ ಬದಿಗೆ ಹೊಸ ಗ್ಯಾಸ್ಕೆಟ್ ಬೇಕು. ಹೊರಗೆ ಚಾಚಿದ ಹಿಡಿಯ ಮೇಲೆ ಅಳತೆ, ಪ್ರೆಶರ್ ಕ್ಲಾಸ್ (ತಡೆಯಬಲ್ಲ ಒತ್ತಡದ ದರ್ಜೆ), ಉಕ್ಕಿನ ಜಾತಿ ಕೊರೆದಿರಬೇಕು. ಕೊರೆದಿಲ್ಲದ ತಟ್ಟೆ ಎಷ್ಟು ದಪ್ಪ ಕಂಡರೂ ವಾಪಸ್ ಸ್ಟೋರಿಗೆ. ಪ್ರತಿಯೊಂದಕ್ಕೂ ನಂಬರಿನ ಟ್ಯಾಗ್ ಕಟ್ಟಿ ರಿಜಿಸ್ಟರಿನಲ್ಲಿ ಬರೆಯಿರಿ. ಕೆಲಸ ಮುಗಿದ ಮೇಲೆ ಹಾಕಿದ್ದು ಹದಿನಾಲ್ಕು, ತೆಗೆದದ್ದು ಹದಿಮೂರು ಎಂದಾದರೆ ಆ ಒಂದು ಸಿಗುವವರೆಗೆ ಪಂಪಿನ ಸ್ವಿಚ್ಚಿನ ಬೀಗದ ಕೈ ಯಾರಿಗೂ ಕೊಡಬೇಡಿ.