ಡಬಲ್ ಲೈನ್ ಆಗದೆ ನಮ್ಮೂರಿಗೆ ಇನ್ನೊಂದು ರೈಲು ಬರುವುದೇ ಇಲ್ವಾ?

ಓದುಗರ ಪ್ರಶ್ನೆ: "ಬೀರೂರು–ತಾಳಗುಪ್ಪ ಮಾರ್ಗ ಸಿಂಗಲ್ ಲೈನ್. ಡಬಲ್ ಆಗುವವರೆಗೂ ನಮ್ಮ ಕಡೆಗೆ ಹೊಸ ರೈಲು ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಡಬಲಿಂಗ್ ಯಾವಾಗ ಆಗುತ್ತೆ ಸರ್?"

ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಚಾಮರಾಜನಗರದವರು ಕೇಳುತ್ತಾರೆ, ಚಿಕ್ಕಮಗಳೂರಿನವರು ಕೇಳುತ್ತಾರೆ, ಕೋಲಾರದವರು ಕೇಳುತ್ತಾರೆ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅಲ್ಲಿಗೇ ಬರುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಲೆಕ್ಕ ಬಂದ ಕಡೆ ದಯವಿಟ್ಟು ಹಾರಿಸಿಕೊಂಡು ಹೋಗಬೇಡಿ, ವಿಷಯ ಇರುವುದೇ ಅಲ್ಲಿ.

ಮೊದಲು ನೇರ ಉತ್ತರ. ಡಬಲಿಂಗ್‌ಗೆ ಕಾಯಬೇಕಾಗಿಲ್ಲ. ನಿಮ್ಮ ರೈಲು ತಡೆದು ನಿಂತಿರುವುದು ಎರಡನೇ ಹಳಿ ಇಲ್ಲ ಅಂತ ಅಲ್ಲ.

ಸಿಂಗಲ್ ಲೈನ್ ಅಂದ ಕೂಡಲೇ ಜನರ ಮನಸ್ಸಿಗೆ ಬರುವ ಚಿತ್ರ ಒಂದೇ. ಒಂದು ರೈಲು ಬೀರೂರಿಂದ ಹೊರಟರೆ ಅದು ತಾಳಗುಪ್ಪ ಮುಟ್ಟುವವರೆಗೆ ಎದುರಿನಿಂದ ಯಾವುದೂ ಬರುವ ಹಾಗಿಲ್ಲ ಅಂತ. ಹಾಗಿದ್ದರೆ ಸುಮಾರು 160 ಕಿ.ಮೀ. ಉದ್ದದ ಆ ಮಾರ್ಗದಲ್ಲಿ ದಿನಕ್ಕೆ ನಾಲ್ಕೈದು ರೈಲು ಓಡಿಸುವುದೂ ಕಷ್ಟವಾಗುತ್ತಿತ್ತು. ವಾಸ್ತವ ಬೇರೆ. ಮಾರ್ಗವನ್ನು ತುಂಡು ತುಂಡಾಗಿ ಭಾಗ ಮಾಡಿರುತ್ತಾರೆ. ಎದುರುಬದುರು ಬರುವ ರೈಲುಗಳು ಒಂದನ್ನೊಂದು ದಾಟಲು ಜಾಗ ಇರುವ ಸ್ಟೇಷನ್ನಿಗೆ ಕ್ರಾಸಿಂಗ್ ಸ್ಟೇಷನ್ ಅನ್ನುತ್ತಾರೆ. ಒಂದು ಕ್ರಾಸಿಂಗ್ ಸ್ಟೇಷನ್‌ನಿಂದ ಮುಂದಿನ ಕ್ರಾಸಿಂಗ್ ಸ್ಟೇಷನ್‌ವರೆಗೆ ಒಂದು ತುಂಡು. ಅದಕ್ಕೆ ಬ್ಲಾಕ್ ಸೆಕ್ಷನ್ ಅನ್ನುತ್ತಾರೆ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದು ತುಂಡಿನಲ್ಲಿ ಒಂದೇ ರೈಲು, ನಿಯಮ ಅಷ್ಟೇ. ಪಕ್ಕದ ತುಂಡಿನಲ್ಲಿ ಬೇರೆ ರೈಲು ಆರಾಮಾಗಿ ಓಡುತ್ತಿರಬಹುದು.

ಹಳಬರಿಗೆ ಇದು ಕಣ್ಣಿಗೆ ಕಂಡ ವಿಷಯ. ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ತುದಿಯಲ್ಲಿ ದೊಡ್ಡ ಬೆತ್ತದ ಬಳೆ ಎತ್ತಿ ಹಿಡಿದು ನಿಂತಿರುತ್ತಿದ್ದರು. ಡ್ರೈವರ್ ಓಡುವ ಇಂಜಿನ್‌ನಿಂದ ಕೈ ಚಾಚಿ ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಳೆಗೆ ಕಟ್ಟಿದ ಪುಟ್ಟ ಚೀಲದೊಳಗೆ ಲೋಹದ ಗುಂಡು. ಅದೇ ಟೋಕನ್. ಟೋಕನ್ ಕೈಗೆ ಬಂದರೆ ಮುಂದಿನ ಸ್ಟೇಷನ್‌ವರೆಗಿನ ಹಳಿ ನಿಮ್ಮದು, ಬೇರೆ ಯಾರೂ ಬರುವಂತಿಲ್ಲ. ಈಗ ಹೆಚ್ಚಿನ ಕಡೆ ಆ ಕೆಲಸ ವಿದ್ಯುತ್ ಉಪಕರಣ ಮತ್ತು ಸಿಗ್ನಲ್‌ಗಳದ್ದು. ತತ್ವ ಮಾತ್ರ ಅದೇ.

ಈಗ ಲೆಕ್ಕಕ್ಕೆ ಬರೋಣ. ಒಂದು ಸಿಂಗಲ್ ಲೈನ್ ದಿನಕ್ಕೆ ಎಷ್ಟು ರೈಲು ತಡೆದುಕೊಳ್ಳುತ್ತದೆ ಅಂತ ನೋಡಲು ರೈಲ್ವೆಯವರು ಸ್ಕಾಟ್ ಸೂತ್ರ ಅನ್ನುವ ಹಳೇ ಲೆಕ್ಕವೊಂದನ್ನು ಬಳಸುತ್ತಾರೆ. ಬಹಳ ಸರಳ. ಇಡೀ ಮಾರ್ಗದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವ ತುಂಡು ಯಾವುದು ಅಂತ ಹುಡುಕಬೇಕು. ಅದನ್ನು ದಾಟಲು ನಿಧಾನದ ರೈಲಿಗೆ ಬೇಕಾಗುವ ನಿಮಿಷ, ಜೊತೆಗೆ ಎರಡು ಸ್ಟೇಷನ್‌ಗಳ ನಡುವೆ ಅನುಮತಿ ಕೊಟ್ಟು ತೆಗೆದುಕೊಳ್ಳಲು ಬೇಕಾಗುವ ನಿಮಿಷ ಕೂಡಿಸಬೇಕು. ಅದರಿಂದ ದಿನದ 1440 ನಿಮಿಷವನ್ನು ಭಾಗಿಸಬೇಕು. ಹಳಿ ರಿಪೇರಿ, ವಿಳಂಬ, ಇತ್ಯಾದಿಗೆ ಒಂದಷ್ಟು ಬಿಡಬೇಕಲ್ಲ, ಆದ್ದರಿಂದ ಬಂದ ಸಂಖ್ಯೆಯಲ್ಲಿ ಶೇ. 70ರಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ರೂಢಿ.

ಒಂದು ಕೆಟ್ಟ ಸ್ಥಿತಿಯನ್ನೇ ಊಹಿಸಿಕೊಳ್ಳಿ. 30 ಕಿ.ಮೀ. ಉದ್ದದ ತುಂಡು, ನಡುವೆ ಎಲ್ಲೂ ಕ್ರಾಸಿಂಗ್ ಇಲ್ಲ, ರೈಲಿನ ಸರಾಸರಿ ವೇಗ ಬರೀ 40 ಕಿ.ಮೀ. ದಾಟಲು 45 ನಿಮಿಷ, ಅನುಮತಿಗೆ 5 ನಿಮಿಷ, ಒಟ್ಟು 50. 1440 ಭಾಗಿಸು 50, ಅದರಲ್ಲಿ ಶೇ. 70 ಅಂದರೆ 20. ಎರಡೂ ದಿಕ್ಕು ಸೇರಿ ದಿನಕ್ಕೆ 20 ರೈಲು, ಅಂದರೆ 10 ಜೋಡಿ. ನಿಮ್ಮೂರಿಗೆ ಈಗ ಬರುತ್ತಿರುವ ಜೋಡಿಗಳನ್ನು ಬೆರಳಲ್ಲಿ ಎಣಿಸಿ, ಈ ಸಂಖ್ಯೆಯ ಪಕ್ಕ ಇಟ್ಟು ನೋಡಿ.

ಈಗ ಆ ತುಂಡಿನ ನಟ್ಟನಡುವೆ ಒಂದು ಕ್ರಾಸಿಂಗ್ ಸ್ಟೇಷನ್ ಮಾಡಿ. ಒಂದು ರೈಲು ಪಕ್ಕಕ್ಕೆ ಸರಿದು ನಿಲ್ಲಲು ಸ್ವಲ್ಪ ಉದ್ದದ ಒಂದು ಲೂಪ್ ಲೈನ್, ಸಿಗ್ನಲ್, ಒಬ್ಬ ಸ್ಟೇಷನ್ ಮಾಸ್ಟರ್. 30 ಕಿ.ಮೀ. ಹೋಗಿ 15 ಆಯಿತು. 50 ನಿಮಿಷ ಹೋಗಿ ಇಪ್ಪತ್ತೇಳೂವರೆ ಆಯಿತು. ಲೆಕ್ಕ ಹಾಕಿದರೆ 20 ಇದ್ದದ್ದು 36ಕ್ಕೆ ಏರುತ್ತದೆ. 30 ಕಿ.ಮೀ. ಉದ್ದಕ್ಕೂ ಜಮೀನು ಕೊಳ್ಳಬೇಕಿಲ್ಲ, ಸೇತುವೆ ಕಟ್ಟಬೇಕಿಲ್ಲ, ಮಲೆನಾಡಿನಲ್ಲಿ ಕಾಡು ಕಡಿಯಲು ಅನುಮತಿಗಾಗಿ ವರ್ಷಗಟ್ಟಲೆ ಅಲೆಯಬೇಕಿಲ್ಲ. ಘಟ್ಟದ ಕಿರಿದಾದ ರಸ್ತೆಯಲ್ಲಿ ಬಸ್ಸಿಗೆ ಸೈಡ್ ಕೊಡಲು ಅಲ್ಲಲ್ಲಿ ಅಗಲದ ಜಾಗ ಬಿಟ್ಟಿರುತ್ತಾರಲ್ಲ, ಇದೂ ಹಾಗೇ.

ಬರೀ ಕಾಗದದ ಲೆಕ್ಕ ಅನ್ನುವವರು ಕರಾವಳಿಗೆ ಹೋಗಿ ನೋಡಿ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ತೆರೆದಾಗಿನಿಂದ ಇವತ್ತಿನವರೆಗೆ ಬಹುತೇಕ ಸಿಂಗಲ್ ಲೈನೇ. ಸುಮಾರು 740 ಕಿ.ಮೀ. ಮಾರ್ಗದಲ್ಲಿ ಡಬಲ್ ಆಗಿರುವುದು ಮಹಾರಾಷ್ಟ್ರದ ರೋಹಾ–ವೀರ್ ನಡುವಿನ ಸುಮಾರು 47 ಕಿ.ಮೀ. ಅದೂ 2021ರಲ್ಲಿ. ಉಳಿದ ಒಂದೇ ಹಳಿಯ ಮೇಲೆ ರಾಜಧಾನಿ ಓಡುತ್ತದೆ, ವಂದೇ ಭಾರತ್ ಓಡುತ್ತದೆ, ಲಾರಿಗಳನ್ನೇ ಹೊತ್ತ ಗೂಡ್ಸ್ ಓಡುತ್ತದೆ, ಕೇರಳದ ಎಷ್ಟೋ ಎಕ್ಸ್‌ಪ್ರೆಸ್‌ಗಳು ಓಡುತ್ತವೆ. ಇಕ್ಕಟ್ಟು ಹೆಚ್ಚಾದಾಗ ಅವರು ಮಾಡಿದ್ದೇನು? ಉದ್ದದ ತುಂಡುಗಳನ್ನು ಹುಡುಕಿ ನಡುನಡುವೆ ಹೊಸ ಕ್ರಾಸಿಂಗ್ ಸ್ಟೇಷನ್ ಹಾಕಿದರು. ನಮ್ಮ ಕರ್ನಾಟಕದೊಳಗೇ ಕುಮಟಾ ಹತ್ತಿರದ ಮಿರ್ಜಾನ, ಉಡುಪಿ ಹತ್ತಿರದ ಇನ್ನಂಜೆ ಹಾಗೆ ಬಂದವು. ಮಂಗಳೂರಿನ ಸಂಬಂಧಿಕರ ಮನೆಗೆ ಅದೇ ಹಳಿಯ ಮೇಲೆ ಹೋಗಿ ಬಂದವರೂ ಸಿಂಗಲ್ ಲೈನಿನಲ್ಲಿ ರೈಲು ಹೆಚ್ಚಿಸಲು ಆಗುವುದಿಲ್ಲ ಅಂತ ವಾದ ಮಾಡುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಈ ನಂಬಿಕೆ ಎಲ್ಲಿಂದ ಬಂತು ಅಂತಲೂ ಗೊತ್ತು. ಬೆಂಗಳೂರು–ಮೈಸೂರು ಡಬಲ್ ಆಯಿತು, ರೈಲು ಹೆಚ್ಚಿತು, ಜನ ಕಣ್ಣಾರೆ ನೋಡಿದರು. ಅಲ್ಲಿ ಡಬಲಿಂಗ್ ಬೇಕೇ ಬೇಕಿತ್ತು, ಬೆಂಗಳೂರು–ಹುಬ್ಬಳ್ಳಿಗೂ ಬೇಕಿತ್ತು. ಗಂಟೆಗಂಟೆಗೆ ರೈಲು ಓಡುವ ಮುಖ್ಯ ಮಾರ್ಗದ ಮದ್ದನ್ನು ದಿನದ ಬಹುಪಾಲು ಖಾಲಿ ಇರುವ ಕವಲು ಮಾರ್ಗಕ್ಕೆ ಹಚ್ಚಬೇಕಿಲ್ಲ. ಇನ್ನೊಂದು ತೊಂದರೆಯೂ ಇದೆ. ಡಬಲಿಂಗ್ ಕೇಳಿ ಮನವಿ ಕೊಟ್ಟರೆ "ಸರ್ವೇ ಮಾಡಿಸುತ್ತೇವೆ" ಅನ್ನುವ ಉತ್ತರ ಸುಲಭವಾಗಿ ಸಿಗುತ್ತದೆ. ಆಮೇಲೆ ಹತ್ತು ವರ್ಷ ಯಾರೂ ಯಾರನ್ನೂ ಏನೂ ಕೇಳುವ ಹಾಗಿರುವುದಿಲ್ಲ.

ಒಂದು ಮಾತನ್ನು ಒಪ್ಪುತ್ತೇನೆ. ಎಲ್ಲರಿಗೂ ರೈಲು ಬೇಕಿರುವುದು ಬೆಳಗ್ಗೆ 6ರಿಂದ 9ರ ಒಳಗೆ. ರಾತ್ರಿ 2 ಗಂಟೆಗೆ ಹಳಿ ಖಾಲಿ ಇದ್ದರೆ ಯಾರಿಗೂ ಉಪಯೋಗವಿಲ್ಲ. ಮೇಲೆ ಹೇಳಿದ 30 ಕಿ.ಮೀ. ತುಂಡಿನಲ್ಲಿ ಆ ಮೂರು ಗಂಟೆಯಲ್ಲಿ ಹೆಚ್ಚೆಂದರೆ 3 ರೈಲು ದಾಟಬಹುದು. ನಡುವೆ ಕ್ರಾಸಿಂಗ್ ಇದ್ದರೆ 6. ಇಲ್ಲೂ ಲೂಪ್ ಲೈನೇ ಪರಿಹಾರ.

ಲೂಪ್‌ನಲ್ಲೂ ಒಂದು ಸಣ್ಣ ವಿಷಯ ಇದೆ, ಯಾರೂ ಗಮನಿಸುವುದಿಲ್ಲ. ರೈಲು ಲೂಪ್‌ಗೆ ತಿರುಗುವ ಪಾಯಿಂಟ್ ಹಳೆಯದಾದರೆ ವೇಗದ ಮಿತಿ ಗಂಟೆಗೆ 15 ಕಿ.ಮೀ. ಅಂದರೆ ನಿಮಿಷಕ್ಕೆ 250 ಮೀಟರ್. 22 ಬೋಗಿಯ ರೈಲು ಇಂಜಿನ್ ಸೇರಿ ಸುಮಾರು 550 ಮೀಟರ್ ಉದ್ದ. ತನ್ನ ಮೈಯನ್ನು ಪೂರ್ತಿ ಒಳಗೆ ಎಳೆದುಕೊಳ್ಳಲು ಅದಕ್ಕೆ ಎರಡು ನಿಮಿಷ ದಾಟುತ್ತದೆ. ಕೊನೆಯ ಬೋಗಿಯ ಬೆನ್ನಿಗೆ "ಎಲ್‌ವಿ" ಅಂತ ಬರೆದ ಹಳದಿ ಫಲಕ ನೋಡಿರುತ್ತೀರಿ. ಅದು ಒಳಗೆ ಬಂದರೆ ರೈಲು ಪೂರ್ತಿ ಬಂದಂತೆ, ಹಿಂದೆ ಯಾವ ಬೋಗಿಯೂ ಕಳಚಿ ಉಳಿದಿಲ್ಲ ಅಂತ ಗುರುತು. ಅದು ಖಚಿತವಾದ ಮೇಲೇ ಹಿಂದಿನ ತುಂಡು ಬೇರೆ ರೈಲಿಗೆ ಸಿಗುವುದು. ಪಾಯಿಂಟ್ ಬದಲಿಸಿ ಮಿತಿಯನ್ನು 30ಕ್ಕೆ ಏರಿಸಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಸ್ಟೇಷನ್‌ನಲ್ಲಿ, ಪ್ರತಿ ಕ್ರಾಸಿಂಗ್‌ನಲ್ಲಿ. ಸಾಮರ್ಥ್ಯ ಹೆಚ್ಚಿಸುವುದು ಅಂದರೆ ಇಂಥ ಕೆಲಸಗಳು. ಪತ್ರಿಕೆಯಲ್ಲಿ ಇದರ ಫೋಟೊ ಬರುವುದಿಲ್ಲ.

ಹಾಗಾದರೆ ನಿಮ್ಮ ರೈಲನ್ನು ತಡೆದಿರುವುದು ಏನು? ಮುಖ್ಯವಾಗಿ ರೇಕ್, ಅಂದರೆ ಒಂದು ರೈಲಿನ ಪೂರ್ತಿ ಬೋಗಿಗಳ ಸಾಲು, ಮತ್ತು ಪಿಟ್ ಲೈನ್.

ರಾತ್ರಿ ಎರಡೂ ತುದಿಯಿಂದ ಹೊರಡುವ ಒಂದು ಜೋಡಿ ರೈಲಿಗೆ ಎರಡು ರೇಕ್ ಬೇಕು. ರಿಪೇರಿಗೆ ಹೋಗುವ ಬೋಗಿಗಳ ಬದಲಿಗೆ ಬಿಡಿ ಬೋಗಿಗಳೂ ಬೇಕು. ಆ ರೇಕ್‌ಗಳನ್ನು ಆಗಾಗ ಪಿಟ್ ಲೈನ್‌ಗೆ ತರಬೇಕು. ಎರಡು ಹಳಿಗಳ ನಡುವೆ ಉದ್ದಕ್ಕೂ ಗುಂಡಿ ಇರುತ್ತದೆ, ಸಿಬ್ಬಂದಿ ಅದರೊಳಗೆ ಇಳಿದು ಬ್ರೇಕು, ಚಕ್ರ, ಸ್ಪ್ರಿಂಗು ಎಲ್ಲವನ್ನೂ ಕೆಳಗಿನಿಂದ ನೋಡುತ್ತಾರೆ. ಒಂದು ರೇಕ್‌ಗೆ ಗಂಟೆಗಟ್ಟಲೆ ಬೇಕು. ಬೆಂಗಳೂರು, ಮೈಸೂರಿನ ಪಿಟ್ ಲೈನ್‌ಗಳಲ್ಲಿ ಸರದಿ ತುಂಬಿದ್ದರೆ ನಿಮ್ಮ ಹಳಿ ಎಷ್ಟು ಖಾಲಿ ಇದ್ದರೂ ಹೊಸ ರೈಲು ಹುಟ್ಟುವುದಿಲ್ಲ. ಬೆಂಗಳೂರಿನ ಪ್ಲಾಟ್‌ಫಾರಂ ಕೂಡ ಹಾಗೇ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಲ್ಲಿ 7 ಪ್ಲಾಟ್‌ಫಾರಂಗಳೊಂದಿಗೆ ಶುರುವಾದಾಗ ಅದು ಬೆಂಗಳೂರಿಗರ ಸುದ್ದಿ ಅಂತ ಮಲೆನಾಡಿನವರು ಸುಮ್ಮನಿದ್ದರು. ಬೆಂಗಳೂರಿನಲ್ಲಿ ನಿಲ್ಲಲು ಜಾಗ ಸಿಗದೆ ಸಾಗರಕ್ಕೆ ರೈಲು ಹೊರಡುವುದು ಹೇಗೆ?

2023ರ ಫೆಬ್ರವರಿ 27 ನೆನಪಿದೆಯಾ? ಪ್ರಧಾನಿ ಶಿವಮೊಗ್ಗಕ್ಕೆ ಬಂದು ವಿಮಾನ ನಿಲ್ದಾಣ ಉದ್ಘಾಟಿಸಿದ ದಿನ. ಅದೇ ದಿನ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೂ ಬೋಗಿಗಳ ನಿರ್ವಹಣೆ ಮಾಡುವ ಕೋಟೆಗಂಗೂರಿನ ಕೋಚಿಂಗ್ ಡಿಪೋಗೂ ಶಂಕುಸ್ಥಾಪನೆ ಆಯಿತು. ಹೊಸ ಮಾರ್ಗಕ್ಕೆ 990 ಕೋಟಿ ರೂಪಾಯಿ, ಡಿಪೋಗೆ 100 ಕೋಟಿಗೂ ಹೆಚ್ಚು. ವಿಮಾನ ನಿಲ್ದಾಣದ ಬಗ್ಗೆ ಊರೆಲ್ಲ ಮಾತಾಡಿತು. ಡಿಪೋ ಬಗ್ಗೆ ಮಾತಾಡಿದವರು ಕಡಿಮೆ. ಶಿವಮೊಗ್ಗದಿಂದ ಹೊಸ ರೈಲು ಶುರು ಮಾಡಲು, ಬೆಂಗಳೂರು ಮತ್ತು ಮೈಸೂರಿನ ನಿರ್ವಹಣೆಯ ಹೊರೆ ತಗ್ಗಿಸಲು ಈ ಡಿಪೋ ಅಂತ ಸರ್ಕಾರವೇ ಆಗ ಹೇಳಿತ್ತು. ನಿಮ್ಮ ಪ್ರಶ್ನೆಗೆ ಉತ್ತರ ಆ ಒಂದು ಸಾಲಿನಲ್ಲೇ ಇತ್ತು.

"ಬೆಳಗ್ಗೆ ಬಂದ ರೈಲು ಸಂಜೆವರೆಗೂ ಸುಮ್ನೆ ನಿಂತಿರುತ್ತಲ್ಲ, ಅದನ್ನೇ ಓಡಿಸಬಾರದಾ?" ಅಂತಲೂ ಕೇಳುತ್ತಾರೆ. ಇದು ಒಳ್ಳೆ ಪ್ರಶ್ನೆ. ಎಷ್ಟೋ ಕಡೆ ಹಾಗೇ ಓಡಿಸುತ್ತಾರೆ. ಆದರೆ ನೀರು ತುಂಬಬೇಕು, ಶುಚಿ ಮಾಡಬೇಕು, ಲೋಕೊ ಪೈಲಟ್‌ಗೆ ವಿಶ್ರಾಂತಿ ಸಿಗಬೇಕು. ಹಗಲಿನ ಓಡಾಟ ಒಂದು ಗಂಟೆ ತಡವಾದರೆ ರಾತ್ರಿ ರೈಲೂ ತಡ. ಕೇಳುವುದಾದರೆ ಹತ್ತಿರದ ಊರಿಗೆ, ಎರಡು ಮೂರು ಗಂಟೆಯಲ್ಲಿ ಹೋಗಿ ಬರುವಂತೆ ಕೇಳಿ. ಆಗ ಒಪ್ಪುವ ಸಾಧ್ಯತೆ ಜಾಸ್ತಿ.

ಕರೆಂಟ್ ಲೈನ್ ಬಗ್ಗೆ ಎರಡೇ ಮಾತು. ಕರೆಂಟ್ ಬಂದರೆ ಡೀಸೆಲ್ ಉಳಿಯುತ್ತದೆ, ನಡುವೆ ಇಂಜಿನ್ ಬದಲಿಸುವುದು ತಪ್ಪುತ್ತದೆ. ಬೋಗಿ ಮಾತ್ರ ತಂತಿಯಿಂದ ಇಳಿದು ಬರುವುದಿಲ್ಲ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹೊಸ ರೈಲು ಬೇಕು ಅನ್ನುವ ಮನವಿಯಲ್ಲೇ ಎರಡನೇ ಬೇಡಿಕೆಯಾಗಿ "ಇಂಥಿಂಥ ಹಾಲ್ಟ್‌ಗಳಲ್ಲಿ ಎಲ್ಲ ರೈಲೂ ನಿಲ್ಲಬೇಕು" ಅಂತ ಇರುತ್ತದೆ. ಹಳ್ಳಿಯವರಿಗೆ ನಿಲುಗಡೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಲ್ಟ್ ಅಂದರೆ ಏನು ಅಂತ ತಿಳಿದಿರಲಿ. ಅಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲ, ಲೂಪ್ ಇಲ್ಲ. ಎಷ್ಟೋ ಕಡೆ ಟಿಕೆಟ್ ಕೊಡುವವರೂ ಕಮಿಷನ್ ಮೇಲೆ ಕೆಲಸ ಮಾಡುವ ಸ್ಥಳೀಯರು. ಹಾಲ್ಟ್ ಇರುವುದು ಬ್ಲಾಕ್ ಸೆಕ್ಷನ್ನಿನ ಹೊಟ್ಟೆಯೊಳಗೆ. ಅಲ್ಲಿ ರೈಲು ನಿಂತಷ್ಟು ಹೊತ್ತೂ ಆ ತುಂಡು ಬೇರೆ ಯಾರಿಗೂ ಸಿಗದು. ಬ್ರೇಕ್ ಹಾಕಿ, ನಿಂತು, ಮತ್ತೆ ವೇಗ ಹಿಡಿಯಲು ಒಂದು ಹಾಲ್ಟ್‌ಗೆ 4 ನಿಮಿಷ ಅಂತ ಇಟ್ಟುಕೊಳ್ಳಿ. ಮೇಲಿನ 30 ಕಿ.ಮೀ. ತುಂಡಿನಲ್ಲಿ ಅಂಥ ಎರಡು ನಿಲುಗಡೆ ಸೇರಿಸಿದರೆ 50 ನಿಮಿಷ 58 ಆಗುತ್ತದೆ, 20 ರೈಲು 17ಕ್ಕೆ ಇಳಿಯುತ್ತದೆ. ಒಂದೇ ಕಾಗದದಲ್ಲಿ ಒಂದು ಕೈಯಿಂದ ಕೇಳಿ ಇನ್ನೊಂದು ಕೈಯಿಂದ ವಾಪಸ್ ಕೊಟ್ಟಂತಾಯಿತು, ಅಲ್ವಾ?

ಹಾಗಂತ ನಿಲುಗಡೆ ಬಿಟ್ಟುಬಿಡಿ ಅನ್ನುತ್ತಿಲ್ಲ. ಗೇಜ್ (ಹಳಿಗಳ ನಡುವಿನ ಅಗಲ) ಬದಲಾದಾಗ ದೇಶದಲ್ಲಿ ಎಷ್ಟೋ ಹಳೇ ಕ್ರಾಸಿಂಗ್ ಸ್ಟೇಷನ್‌ಗಳು ಲೂಪ್ ಕಳೆದುಕೊಂಡು ಹಾಲ್ಟ್ ಆದವು. ನಿಮ್ಮ ಮಾರ್ಗದಲ್ಲಿ ಉದ್ದದ ತುಂಡು ಯಾವುದು ನೋಡಿ, ಅದರ ನಡುವಿನ ಹಾಲ್ಟ್ ಯಾವುದು ನೋಡಿ, ಅದಕ್ಕೆ ಲೂಪ್ ಕೇಳಿ. ಅಲ್ಲಿ ರೈಲು ನಿಂತರೂ ತುಂಡಿನ ಹೊತ್ತು ಹಾಳಾಗುವುದಿಲ್ಲ, ಎದುರಿನ ರೈಲೂ ದಾಟಿಹೋಗುತ್ತದೆ, ಊರಿನವರಿಗೂ ನಿಲುಗಡೆ ಸಿಗುತ್ತದೆ. ಇನ್ನಂಜೆ ಕೂಡ ಮೊದಲು ಹಾಲ್ಟೇ ಆಗಿತ್ತು. ಮನವಿಯನ್ನು ಸ್ಟೇಷನ್ ಮಾಸ್ಟರ್ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡು ಬರಬೇಡಿ. ಮೈಸೂರು ವಿಭಾಗದ ಕಚೇರಿಗೆ ಒಂದು, ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕೇಂದ್ರ ಕಚೇರಿಗೆ ಒಂದು ಪ್ರತಿ ಕಳಿಸಿ. ಕೋಟೆಗಂಗೂರು ಡಿಪೋ ಕೆಲಸ ಎಲ್ಲಿಗೆ ಬಂತು ಅನ್ನುವ ಪ್ರಶ್ನೆಯನ್ನೂ ಅದರಲ್ಲೇ ಸೇರಿಸಿ.