ಲಕ್ಸ್ ಮೀಟರಿನದು ಯಾರ ಕಣ್ಣು? ಮೀನುಮರಿ ಮತ್ತು ಬೆಳಕಿನ ಬಗ್ಗೆ ನನ್ನ ಟಿಪ್ಪಣಿ

ಎರಡು ದಿನ ನಾನು ಒಂದೇ ಕಡೆ ಸಿಕ್ಕಿಕೊಂಡಿದ್ದೆ: ಮೀನುಮರಿ ಸಾಕುವ ನೀಲಿ ದೀಪದ ತೊಟ್ಟಿಯಲ್ಲಿ ಲಕ್ಸ್ (ಬೀಳುವ ಬೆಳಕಿನ ಅಳತೆ) ಅಷ್ಟು ಕಡಿಮೆ ಇದ್ದರೂ ಮರಿಗಳು ಹೊಟ್ಟೆ ತುಂಬ ತಿನ್ನುವುದು ಹೇಗೆ? ಈಗ ಗೊತ್ತಾಗಿದೆ, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಮೊದಲು ಮರಿಯ ಕಣ್ಣು. ನಮ್ಮ ಕರಾವಳಿಯಲ್ಲಿ ಪಂಜರದಲ್ಲಿ ಸಾಕುವ ಸೀಬಾಸ್ ಮೀನಿನ ಮರಿ ಮೊಟ್ಟೆಯೊಡೆದಾಗ ಸುಮಾರು 1.5 ಮಿ.ಮೀ. ಉದ್ದ. ಬಾಯಿ ತೆರೆದಿರುವುದಿಲ್ಲ, ಕಣ್ಣಿಗೆ ಬಣ್ಣ ಬಂದಿರುವುದಿಲ್ಲ. ಮೂರನೇ ದಿನದ ಹೊತ್ತಿಗೆ ಕಣ್ಣು ಕಪ್ಪಾಗುತ್ತದೆ, ಬಾಯಿ ಬಿಡುತ್ತದೆ, ಮೊಟ್ಟೆಯಿಂದ ತಂದ ಆಹಾರದ ಹಳದಿ ಚೀಲ ಬಹುಪಾಲು ಕರಗಿರುತ್ತದೆ. ಇನ್ನು ರೋಟಿಫರನ್ನು (ನೀರಿನಲ್ಲಿ ಈಜುವ ಅತಿ ಸಣ್ಣ ಜೀವಿ) ನೋಡಿ ಹಿಡಿದರೆ ಮಾತ್ರ ಊಟ. ಬಹುತೇಕ ಕಡಲ ಮೀನುಗಳ ಮರಿಗಳಲ್ಲಿ ಆಗ ಕಣ್ಣಿನಲ್ಲಿ ಇರುವುದು ಹೆಚ್ಚು ಬೆಳಕಿನಲ್ಲಿ ಕೆಲಸ ಮಾಡುವ ಶಂಕುಕೋಶಗಳು ಮಾತ್ರ. ಮಂದ ಬೆಳಕಿಗೆ ಬೇಕಾದ ದಂಡಕೋಶಗಳು ಆಮೇಲೆ ಬರುತ್ತವೆ. ದೊಡ್ಡ ಮೀನಿಗೆ ಸಾಕಾಗುವ ಮುಸ್ಸಂಜೆಯ ಬೆಳಕು ಮರಿಗೆ ಸಾಲದು.

ಈಗ ಲಕ್ಸ್. ಈ ಅಳತೆ ಮನುಷ್ಯರ ಕಣ್ಣಿಗೆ ಹೊಂದಿಸಿದ್ದು. ನಮ್ಮ ಕಣ್ಣು ಹಗಲಲ್ಲಿ 555 ನ್ಯಾನೊಮೀಟರ್ ತರಂಗದುದ್ದದ ಹಸಿರಿಗೆ ಅತಿ ಚುರುಕು, ನೀಲಿಗೆ ತೀರಾ ಮಂದ. ಲೆಕ್ಕ ಹೀಗೆ. ಒಂದು ಚದರ ಮೀಟರಿಗೆ 1 ವ್ಯಾಟ್ ಹಸಿರು ಬೆಳಕು (555) ಬಿದ್ದರೆ ಮೀಟರ್ 683 ಲಕ್ಸ್ ತೋರಿಸುತ್ತದೆ. ಅದೇ 1 ವ್ಯಾಟ್ ನೀಲಿ (450) ಬಿದ್ದರೆ ಸುಮಾರು 26. ಫೋಟಾನ್, ಅಂದರೆ ಬೆಳಕಿನ ಕಣ, ಎಣಿಸಿದರೆ? ಹಸಿರಿನಲ್ಲಿ ಸೆಕೆಂಡಿಗೆ 4.64 ಮೈಕ್ರೊಮೋಲ್ (ಕಣಗಳನ್ನು ಎಣಿಸುವ ಮಾನ), ನೀಲಿಯಲ್ಲಿ 3.76. ಲಕ್ಸಿನಲ್ಲಿ 26 ಪಟ್ಟು ಅಂತರ. ನಿಜವಾಗಿ ಬಿದ್ದ ಫೋಟಾನಿನಲ್ಲಿ ಅಂತರ ಐದನೇ ಒಂದು ಪಾಲಿನಷ್ಟೂ ಇಲ್ಲ! ಮೀಟರಿಗೆ ಮಂದವಾಗಿ ಕಂಡ ನೀಲಿ ತೊಟ್ಟಿಯಲ್ಲಿ ಮರಿಗೆ ಬೆಳಕು ಕಡಿಮೆಯಿರಲಿಲ್ಲ.

ಇದನ್ನೇ ತಿರುಗಿಸಿ ನೋಡಿ. ಒಂದು ಹಸಿರು ದೀಪದ, ಒಂದು ನೀಲಿ ದೀಪದ ತೊಟ್ಟಿ; ಎರಡಕ್ಕೂ 'ಸಮ ಲಕ್ಸ್' ಕೊಟ್ಟೆವು ಎಂದರೆ ನೀಲಿ ತೊಟ್ಟಿಗೆ ಸುಮಾರು 21 ಪಟ್ಟು ಹೆಚ್ಚು ಫೋಟಾನ್ ಸುರಿದಂತೆ. ಹಾಗಾಗಿ ಬಣ್ಣದ ಪ್ರಯೋಗ ಯಾವುದನ್ನು ಓದಿದರೂ, ಬೆಳಕನ್ನು ಯಾವ ಅಳತೆಯಲ್ಲಿ ಸಮ ಮಾಡಿದ್ದಾರೆ ಎಂದು ಮೊದಲು ಹುಡುಕಿ. ಯುರೋಪಿನ ಸೀಬಾಸ್ (ನಮ್ಮದಲ್ಲದ ಬೇರೆ ಜಾತಿ) ಮರಿಗಳು ಕೆಂಪಿಗಿಂತ ನೀಲಿಯಲ್ಲಿ ಚೆನ್ನಾಗಿ ಬೆಳೆದಿವೆ. ಅದರಲ್ಲಿ ಅಚ್ಚರಿಯಿಲ್ಲ: ಕೆಂಪನ್ನು ನೀರು ಬೇಗ ನುಂಗುತ್ತದೆ, ತಿಳಿಯಾದ ಕಡಲಲ್ಲಿ ಆಳಕ್ಕಿಳಿಯುವುದು ನೀಲಿಯೇ.

ಮೀಟರನ್ನು ನೀರಿನ ಮೇಲೆ ಹಿಡಿದು ಬರೆದುಕೊಳ್ಳಬೇಡಿ. ಪಾಚಿ ಬೆರೆಸಿದ ಹಸಿರು ನೀರಿನಲ್ಲಿ ಒಂದು ಗೇಣು ಕೆಳಗೇ ಬೇರೆ ಲೋಕ. ಮರಿ ಇರುವ ಆಳದಲ್ಲಿ ಅಳೆಯಿರಿ.

ದಿನವಿಡೀ ದೀಪ ಉರಿಸಿದರೆ ತಿನ್ನುವ ಹೊತ್ತು ಹೆಚ್ಚುತ್ತದೆ, ನಿಜ. ಆದರೆ ಯುರೋಪಿನ ಸೀಬಾಸಿನಲ್ಲಿ ಹಾಗೆ ಬೆಳೆಸಿದಾಗ ದವಡೆಯ ದೋಷಗಳು, ತೇಲಲು ನೆರವಾಗುವ ಗಾಳಿಚೀಲದ ದೋಷಗಳು ಕಂಡಿವೆ. ಗಾಳಿಚೀಲ ಕೆಟ್ಟಾಗ ದೀಪವನ್ನಷ್ಟೇ ದೂರಬೇಡಿ; ಮರಿ ಮೊದಲ ಗುಟುಕು ಗಾಳಿಯನ್ನು ನೀರಿನ ಮೇಲ್ಮೈಯಿಂದ ನುಂಗಬೇಕು, ಅಲ್ಲಿ ಎಣ್ಣೆಯ ಪದರ ಕಟ್ಟಿದ್ದರೆ ಆಗದು.

ಒಂದು ಅಪವಾದ ನನಗೆ ಬಹಳ ಇಷ್ಟ. ನಾರ್ವೆಯಲ್ಲಿ ಹ್ಯಾಲಿಬಟ್ ಎಂಬ ಚಪ್ಪಟೆ ಮೀನಿನ ಮರಿಗಳನ್ನು ಸುಮಾರು 6 ಡಿಗ್ರಿ ತಣ್ಣೀರಿನಲ್ಲಿ, 40 ದಿನದ ಆಸುಪಾಸು, ಗಾಢ ಕತ್ತಲಲ್ಲೇ ಇಡುತ್ತಾರೆ. ಆ ಹಂತದಲ್ಲಿ ಬೆಳಕು ಬಿದ್ದರೆ ಬಾಯಿ ಮುಚ್ಚಲಾಗದ ದವಡೆಯ ಮರಿಗಳು ಹೆಚ್ಚುತ್ತವೆ. ಹಳದಿ ಚೀಲ ಮುಗಿಯುತ್ತ ಬಂದು ಮೊದಲ ಊಟಕ್ಕೆ ಬಿಡುವಾಗಲೇ ಅಲ್ಲಿ ದೀಪ ಹಚ್ಚುವುದು.