ಕೈ ಒಡೆದಿದ್ದು ಸಿಮೆಂಟಿಗೆ, ಪರೀಕ್ಷೆ ಮಾಡಿದ್ದು ರಕ್ತಕ್ಕೆ

ಕಾರವಾರ, ಕುಮಟಾ, ಶಿರಸಿ ಕಡೆ ಈಗ ಮೈ ತುರಿಸಿದರೂ ಸರಿ, ಉಬ್ಬಸ ಬಂದರೂ ಸರಿ, ‘ಒಂದ್ಸಲ ಅಲರ್ಜಿ ಟೆಸ್ಟ್ ಮಾಡಿಸಿಬಿಡಿ’ ಅನ್ನುವ ಮಾತು ಕೇಳಿಬರುತ್ತದೆ. ಲ್ಯಾಬಿನಲ್ಲಿ ರಕ್ತ ತೆಗೆದು ದೊಡ್ಡ ಊರಿಗೆ ಕಳಿಸುತ್ತಾರೆ. ಕೆಲವು ದಿನ ಬಿಟ್ಟು ಯಾವುದಕ್ಕೆ ಎಷ್ಟು ಅಲರ್ಜಿ ಅನ್ನುವ ಉದ್ದದ ಪಟ್ಟಿ ಬರುತ್ತದೆ. ಗಾರೆ ಕೆಲಸದವರು, ಗ್ಯಾರೇಜಿನಲ್ಲಿ ಪೇಂಟ್ ಹೊಡೆಯುವವರು, ದೋಣಿಗೆ ಫೈಬರ್ ಕೆಲಸ ಮಾಡುವವರು, ಗೇರು ಫ್ಯಾಕ್ಟರಿಯ ಹೆಂಗಸರು ಕೂಡ ಈ ಪರೀಕ್ಷೆ ಮಾಡಿಸುತ್ತಿದ್ದಾರೆ. ಅವರ ಕೈಗೆ ನಿಜವಾಗಿ ತಾಗುವ ವಸ್ತು ಆ ಪಟ್ಟಿಯಲ್ಲಿ ಇರುತ್ತದಾ? ಇದ್ದರೂ ರಕ್ತದಲ್ಲಿ ಅದು ಗೊತ್ತಾಗುತ್ತದಾ? ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಲರ್ಜಿ ಅನ್ನುವ ಹೆಸರು ಹುಟ್ಟಿದ್ದು 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ಅವರಿಂದ. 1921ರಲ್ಲಿ ಜರ್ಮನಿಯ ಪ್ರೌಸ್ನಿಟ್ಸ್, ಮೀನು ತಿಂದರೆ ಆಗದಿದ್ದ ತಮ್ಮ ಸಹೋದ್ಯೋಗಿ ಕುಸ್ಟ್ನರ್ ಅವರ ರಕ್ತದ ಸೀರಮ್ಮನ್ನು ತಮ್ಮ ಚರ್ಮಕ್ಕೇ ಚುಚ್ಚಿಕೊಂಡು, ಅಲ್ಲಿಗೆ ಮೀನಿನ ಸಾರ ಹಾಕಿದಾಗ ದದ್ದು ಏಳುವುದನ್ನು ತೋರಿಸಿದರು. ರಕ್ತದಲ್ಲಿ ಏನೋ ಇದೆ ಅಂತ ಆಗ ಖಾತ್ರಿಯಾಯಿತು. ಅದೇನು ಅಂತ ಗೊತ್ತಾಗಲು ಮತ್ತೆ 45 ವರ್ಷ ಬೇಕಾಯಿತು. 1966-67ರ ಹೊತ್ತಿಗೆ ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಯೊಹಾನ್ಸನ್, ಬೆನ್ನಿಖ್ ಬೇರೆ ಬೇರೆಯಾಗಿ ಐಜಿಇ ಅನ್ನುವ ಪ್ರತಿಕಾಯವನ್ನು, ಅಂದರೆ ಹೊರಗಿನ ವಸ್ತುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನನ್ನು, ಗುರುತಿಸಿದರು. 1967ರಲ್ಲೇ ಸ್ವೀಡನ್ನಿನವರು ಅದನ್ನು ಅಳೆಯುವ ರಕ್ತ ಪರೀಕ್ಷೆಯನ್ನೂ ತಂದರು. ಇವತ್ತಿನ ಅಲರ್ಜಿ ಪಟ್ಟಿಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಆ ಪರೀಕ್ಷೆ ಒಳ್ಳೆಯದೇ. ಸಿಗಡಿ, ಶೇಂಗಾ, ಧೂಳಿನ ಹುಳ, ರಬ್ಬರ್ ಹಾಲಿನ ಗ್ಲೌಸ್ ಇಂಥವುಗಳಿಗೆ ನಿಮಿಷಗಳಲ್ಲಿ ಮೈ ಉಬ್ಬುವ, ಉಸಿರು ಕಟ್ಟುವ ಅಲರ್ಜಿಯನ್ನು ಹಿಡಿಯಲು ಬಹಳ ಉಪಯೋಗ. ಇವೆಲ್ಲ ಪ್ರೋಟೀನುಗಳು. ಕೆಮಿಕಲ್‌ನ ವಿಷಯ ಬೇರೆ. ಕ್ರೋಮಿಯಂ, ನಿಕ್ಕಲ್, ಗಟ್ಟಿ ಅಂಟಿನಲ್ಲಿ ಇರುವ ಎಪಾಕ್ಸಿ ಇವೆಲ್ಲ ತೀರಾ ಸಣ್ಣ ಕಣಗಳು. ಒಂಟಿಯಾಗಿ ನಮ್ಮ ದೇಹದ ಕಣ್ಣಿಗೆ ಬೀಳುವುದಿಲ್ಲ. ಮೈಯ ಪ್ರೋಟೀನಿಗೆ ಅಂಟಿಕೊಂಡ ಮೇಲೆಯೇ ದೇಹ ಅವುಗಳ ಮೇಲೆ ತಿರುಗಿ ಬೀಳುವುದು. ಇದನ್ನು ವಿಜ್ಞಾನಿ ಲ್ಯಾಂಡ್‌ಸ್ಟೈನರ್ 1930ರ ದಶಕದಲ್ಲೇ ತೋರಿಸಿದ್ದರು. ಹಾಗೆ ತಿರುಗಿ ಬೀಳುವಾಗ ಹೆಚ್ಚಿನ ಸಲ ಐಜಿಇ ಬರುವುದೇ ಇಲ್ಲ. ಟಿ ಕಣಗಳು ಅನ್ನುವ ಬಿಳಿ ರಕ್ತಕಣಗಳು ನಿಧಾನವಾಗಿ ಚರ್ಮಕ್ಕೆ ಬಂದು ಸೇರುತ್ತವೆ, ಒಂದೆರಡು ದಿನದ ಮೇಲೆ ಗುಳ್ಳೆ ಏಳುತ್ತದೆ.

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಬೆಟ್ಟಕ್ಕೆ ಹೋಗಿ ಕೇರು ಮರದ ಸೊನೆ ತಾಗಿಸಿಕೊಂಡವರ ಮುಖ ಬಾತುಕೊಳ್ಳುವುದು ಮರುದಿನವೋ ಅದರ ಮರುದಿನವೋ. ಅದೇ ಜಾತಿಗೆ ಸೇರಿದ ಗೇರಿನ ಸಿಪ್ಪೆಯ ಎಣ್ಣೆಯೂ ಹಾಗೇ. ಮೊದಲು ಸುಡುತ್ತದೆ, ಕೆಲವರಿಗೆ ಅಲರ್ಜಿಯನ್ನೂ ತರುತ್ತದೆ. ಬೀಜ ಒಡೆಯುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಂಡು ಕೂರುವುದು ಅದಕ್ಕೇ. ಈಗ ನೋಡಿ, ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ‘ಗೇರುಬೀಜ’ ಅಂತ ಇರುತ್ತದೆ. ಅದು ಒಳಗಿನ ತಿರುಳಿನ ಪ್ರೋಟೀನಿಗೆ, ಅಂದರೆ ತಿಂದರೆ ಆಗುವ ಅಲರ್ಜಿಗೆ ಇಟ್ಟ ಪರೀಕ್ಷೆ. ಬೆರಳು ಸುಲಿದು ಹೋದ ಹೆಂಗಸಿಗೆ ಅಲ್ಲಿ ‘ನೆಗೆಟಿವ್’ ಅಂತ ಬಂದರೆ ಅದು ತಪ್ಪು ರಿಪೋರ್ಟ್ ಅಲ್ಲ. ಆದರೆ ಆಕೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಕುಮಟಾ ಹತ್ತಿರದ ಒಬ್ಬ ಗಾರೆ ಕೆಲಸದವರ ರಿಪೋರ್ಟ್ ನೋಡಿದ್ದೇನೆ. ಪುಟಗಟ್ಟಲೆ ಪಟ್ಟಿ. ಬದನೆಕಾಯಿಯ ಎದುರು ಸ್ವಲ್ಪ ಜಾಸ್ತಿ, ಧೂಳಿನ ಹುಳದ ಎದುರು ಸ್ವಲ್ಪ ಜಾಸ್ತಿ. ಬದನೆ ತಿಂದು ಅವರಿಗೆ ಯಾವತ್ತೂ ಏನೂ ಆಗಿರಲಿಲ್ಲ. ಆದರೂ ಮನೆಯಲ್ಲಿ ಬದನೆ ತರುವುದು ನಿಂತಿತು. ಅವರ ಕೈಯ ಹಿಂಭಾಗದ ಚರ್ಮ ದಪ್ಪಗಾಗಿ, ಗೆಣ್ಣುಗಳ ಮೇಲೆ ಬಿರುಕು ಬಿಟ್ಟು, ಬಿರುಕಿನೊಳಗೆ ಬೂದು ಬಣ್ಣ ಕೂತಿತ್ತು. ಭಾನುವಾರ ಕಮ್ಮಿ, ಬುಧವಾರದ ಹೊತ್ತಿಗೆ ಜಾಸ್ತಿ. ಸಿಮೆಂಟು ಅನ್ನುವ ಸಾಲು ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಸಿಮೆಂಟಿನ ಅಲರ್ಜಿಗೆ ಮುಖ್ಯ ಕಾರಣ ಅದರಲ್ಲಿ ಸೇರಿರುವ ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ರೋಮಿಯಂ ಲೋಹದ ಒಂದು ರೂಪ. ಡೆನ್ಮಾರ್ಕ್ 1983ರಲ್ಲೇ ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿ ಅದನ್ನು ಕಮ್ಮಿ ಮಾಡುವ ಕಾನೂನು ತಂದಿತು. 2005ರಿಂದ ಐರೋಪ್ಯ ಒಕ್ಕೂಟದಲ್ಲಿ ಹತ್ತು ಲಕ್ಷಕ್ಕೆ 2 ಪಾಲಿಗಿಂತ ಹೆಚ್ಚು ಇರಬಾರದು ಅನ್ನುವ ನಿಯಮವಿದೆ. ಈ ಅಲರ್ಜಿ ಹಿಡಿಯುವ ಪರೀಕ್ಷೆ ರಕ್ತದ್ದಲ್ಲ, ಬೆನ್ನಿನದು. ಪ್ಯಾಚ್ ಟೆಸ್ಟ್ ಅನ್ನುತ್ತಾರೆ. ಜರ್ಮನಿಯ ಯಾಡಸ್ಸೋನ್ 1895ರಲ್ಲಿ ಇದನ್ನು ತೋರಿಸಿಕೊಟ್ಟರು, ಅಂದರೆ ಐಜಿಇ ಪರೀಕ್ಷೆಗಿಂತ ಎಪ್ಪತ್ತು ವರ್ಷ ಹಳೆಯದು. ಚಿಕ್ಕ ಬಟ್ಟಲುಗಳಲ್ಲಿ ಒಂದೊಂದು ಕೆಮಿಕಲ್ ಹಾಕಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಹಾಗೇ ಬಿಡಬೇಕು. ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. ಇಂಡಿಯನ್ ಸ್ಟ್ಯಾಂಡರ್ಡ್ ಸೀರೀಸ್ ಅನ್ನುವ ನಮ್ಮದೇ ಸೆಟ್ ಇದೆ. ಅದರಲ್ಲಿ ಸಿಮೆಂಟಿನ ಕ್ರೋಮಿಯಂಗೆ ಪೊಟ್ಯಾಸಿಯಂ ಡೈಕ್ರೋಮೇಟ್, ನಿಕ್ಕಲ್, ಕೋಬಾಲ್ಟ್, ಎಪಾಕ್ಸಿ, ಪಾರ್ಥೇನಿಯಂ ಎಲ್ಲ ಇವೆ. ಕಷ್ಟ ಇರುವುದು ಎರಡು ಕಡೆ. ಕರಾವಳಿಯ ಸೆಕೆಯಲ್ಲಿ ಬೆನ್ನು ಬೆವರಿ ಅಂಟಿಸಿದ್ದು ಕಿತ್ತು ಬರುತ್ತದೆ. ಜೊತೆಗೆ ಆಸ್ಪತ್ರೆಗೆ ಮೂರು ಸಲ ಹೋಗಬೇಕು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿ ಬರುವವರಿಗೆ ಅದು ಮೂರು ದಿನದ ಕೂಲಿ. ರಕ್ತವಾದರೆ ಒಂದೇ ಸಲ ಕೊಟ್ಟು ಬಂದರಾಯಿತು. ಜನ ಅತ್ತ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ.

ಉಸಿರಿನ ತೊಂದರೆಯ ಕಥೆ ಇನ್ನೂ ಗೋಜಲು. ಕಾರು, ದೋಣಿಗೆ ಹೊಡೆಯುವ ಎರಡು ಡಬ್ಬಿಯ ಪೇಂಟಿನ ಹಾರ್ಡ್ನರ್‌ನಲ್ಲಿ, ಅಂದರೆ ಪೇಂಟ್ ಗಟ್ಟಿಯಾಗಲು ಬೆರೆಸುವ ಡಬ್ಬಿಯಲ್ಲಿ, ಐಸೊಸಯನೇಟ್ ಅನ್ನುವ ಕೆಮಿಕಲ್ ಇರುತ್ತದೆ. ಅದರಿಂದ ಉಬ್ಬಸ ಬರುತ್ತದೆ ಅನ್ನುವುದು 1951ರಿಂದಲೇ ದಾಖಲಾಗಿದೆ. ಇದಕ್ಕೆ ಐಜಿಇ ರಕ್ತ ಪರೀಕ್ಷೆ ಇದೆ ನಿಜ, ಆದರೆ ಕಾಯಿಲೆ ಇರುವವರಲ್ಲೂ ಹೆಚ್ಚಿನವರಿಗೆ ಅದು ನೆಗೆಟಿವ್ ಬರುತ್ತದೆ. ಆ ವಸ್ತುವಿನ ಸಂಪರ್ಕ ತಪ್ಪಿದ ಮೇಲೆ ರಕ್ತದಲ್ಲಿ ಈ ಐಜಿಇ ಕಮ್ಮಿಯಾಗುತ್ತಾ ಹೋಗುವುದರಿಂದ, ಕೆಲಸ ಬಿಟ್ಟು ತಿಂಗಳುಗಳ ಮೇಲೆ ಕೊಟ್ಟ ರಕ್ತದಲ್ಲಿ ಸಿಗುವುದು ಇನ್ನೂ ಅನುಮಾನ. ಪಾಸಿಟಿವ್ ಬಂದರೆ ಬಲವಾದ ಸಾಕ್ಷಿ, ನೆಗೆಟಿವ್ ಬಂದರೆ ‘ಏನಿಲ್ಲ ಬಿಡಿ’ ಅನ್ನುವಂತಿಲ್ಲ. ಎಪಾಕ್ಸಿಯ ಹಾರ್ಡ್ನರ್‌ಗಳಲ್ಲಿ ಬರುವ ಅನ್‌ಹೈಡ್ರೈಡ್ ಅನ್ನುವ ಕೆಮಿಕಲ್‌ಗಳ ವಿಷಯದಲ್ಲಿ ಮಾತ್ರ ರಕ್ತ ಪರೀಕ್ಷೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಐಜಿಜಿ ಅಂತ ಇನ್ನೊಂದು ಪ್ರತಿಕಾಯವನ್ನು ಅಳೆದು ಕೊಡುವ ಪರೀಕ್ಷೆಯೂ ಇದೆ. ಅದು ತೋರಿಸುವುದು ಆ ವಸ್ತುವಿನ ಸಂಪರ್ಕ ಆಗಿದೆ ಅನ್ನುವುದನ್ನಷ್ಟೇ, ಕಾಯಿಲೆಯನ್ನಲ್ಲ.

ಕಾನೂನು ಏನನ್ನುತ್ತದೆ? 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕೆಮಿಕಲ್, ಪೇಂಟ್ ತಾಗಿ ಬರುವ ಚರ್ಮರೋಗ ಇತ್ತು, ಐಸೊಸಯನೇಟ್ ಕೂಡ ಇತ್ತು. ನೋಡಿದ ವೈದ್ಯರು ವರದಿ ಮಾಡಬೇಕು ಅಂತಲೂ ಇತ್ತು. ಆದರೆ ಆ ಕಾಯ್ದೆಯಲ್ಲಿ ಕರೆಂಟ್ ಬಳಸುವ ಜಾಗಕ್ಕೆ ಕಾರ್ಖಾನೆ ಅನ್ನಿಸಿಕೊಳ್ಳಲು 10 ಜನ ಬೇಕಿತ್ತು, ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿದೆ. ನಮ್ಮ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಮೂರ್ನಾಲ್ಕು ಜನ ಇದ್ದರೆ ಹೆಚ್ಚು. ಮನೆ ಕಟ್ಟುವ ಜಾಗ ಕಾರ್ಖಾನೆಯೇ ಅಲ್ಲ.

ಹಾಗಾಗಿ ರಕ್ತ ಕೊಡುವ ಮೊದಲು ಸಾಧ್ಯವಾಗುವ ಕೆಲಸಗಳನ್ನು ಹೇಳಿಬಿಡುತ್ತೇನೆ. ಹಾರ್ಡ್ನರ್ ಡಬ್ಬಿಯ, ರೆಸಿನ್ ಕ್ಯಾನಿನ ಲೇಬಲ್ಲಿನ ಫೋಟೋ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಏನು ಕೆಲಸ ಅಂತ ಅವರು ಕೇಳದಿದ್ದರೂ ನೀವೇ ಹೇಳಿ. ಚರ್ಮದ ತೊಂದರೆಯಾದರೆ ಪ್ಯಾಚ್ ಟೆಸ್ಟ್ ಎಲ್ಲಿ ಮಾಡುತ್ತಾರೆ ಅಂತ ವಿಚಾರಿಸಿ. ಉಬ್ಬಸವಾದರೆ ಪೀಕ್ ಫ್ಲೋ ಮೀಟರ್ ಅಂತ ಊದುವ ಸಣ್ಣ ಕೊಳವೆ ಸಿಗುತ್ತದೆ, ದುಬಾರಿಯಲ್ಲ. ದಿನಕ್ಕೆ ನಾಲ್ಕು ಸಲದಂತೆ ಎರಡರಿಂದ ನಾಲ್ಕು ವಾರ ಊದಿ, ಕೆಲಸದ ದಿನ ಯಾವುದು, ರಜೆ ಯಾವುದು ಅಂತ ಪಕ್ಕದಲ್ಲಿ ಬರೆದಿಡಿ. ಉಸಿರು ಜಾಸ್ತಿ ಕಟ್ಟಿದರೆ ವಾರ ಮುಗಿಯುವ ತನಕ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಆ ಬರೆದಿಟ್ಟ ಹಾಳೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.